ಹಳೆಯ ಗಾಡಿಗೆ ಹೊಸ ಸಾಫ್ಟ್‌ವೇರ್ ಬೇಕೇ? ಗಾಡಿಯೊಳಗೆ ಕಂಪ್ಯೂಟರ್ ಬಂದ ಇತಿಹಾಸ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳ ಪಾಲಕರಲ್ಲಿ ಹೊಸ ಕಾರು ಕೊಂಡವರು ಕಡಿಮೆ. ಪುಣೆ, ಮುಂಬಯಿಯಲ್ಲಿ ಹತ್ತು ವರ್ಷ ಓಡಿದ ಗಾಡಿ ನಮ್ಮ ಕಡೆ ಬರುತ್ತದೆ. ಇಲ್ಲಿ ಮತ್ತೆ ಹಲವು ವರ್ಷ ವಡಾಪ್ ಜೀಪಾಗಿಯೋ, ಶಾಲೆಯ ಮಕ್ಕಳ ವ್ಯಾನಾಗಿಯೋ, ಸಂತೆಗೆ ಹೋಗುವ ಕಾರಾಗಿಯೋ ದುಡಿಯುತ್ತದೆ. ಇಂಥ ಗಾಡಿ ಇಟ್ಟುಕೊಂಡವರು ಇತ್ತೀಚಿನ ವರ್ಷಗಳಲ್ಲಿ ಗ್ಯಾರೇಜಿನಿಂದ ಒಂದು ಹೊಸ ಮಾತು ಕೇಳಿಕೊಂಡು ಬರುತ್ತಿದ್ದಾರೆ. "ನಿಮ್ಮ ಗಾಡಿ ಸಾಫ್ಟ್‌ವೇರ್ ಹಳೇದಾಗ್ಯದ, ಅಪ್‌ಡೇಟ್ ಮಾಡಿಸಬೇಕು" ಎಂಬ ಮಾತು. "ಸರ್, ಮೊಬೈಲಿಗೆ ಬೇಕಾದಂಗ ಗಾಡಿಗೂ ಅಪ್‌ಡೇಟ್ ಬೇಕಾಗ್ತದೇನ್ರಿ?" ಎಂದು ಪಾಲಕರು ಕೇಳಿದರೆ ಶಿಕ್ಷಕರಾದ ನಾವು ಏನು ಹೇಳಬೇಕು?

ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಗಾಡಿ ಯಾವ ವರ್ಷದ್ದು, ಅದರೊಳಗಿನ ಕಂಪ್ಯೂಟರ್ ಯಾವ ಕಾಲದ್ದು ಎಂಬುದನ್ನು ನೋಡಿ ಉತ್ತರ ಹೇಳಬೇಕು. ಅದಕ್ಕೆ ಸ್ವಲ್ಪ ಇತಿಹಾಸ ಗೊತ್ತಿರಬೇಕು. ಈ ಇತಿಹಾಸ ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ. ಆದರೆ ಪಾಲಕರ ಜೇಬಿಗೂ ಮಕ್ಕಳ ಜೀವಕ್ಕೂ ನೇರವಾಗಿ ಸಂಬಂಧಪಟ್ಟದ್ದು.

ಕಂಪ್ಯೂಟರ್ ಇಲ್ಲದ ಕಾಲ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾರುತಿ 800, ಇವುಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಇಂಜಿನ್ನಿಗೆ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಸಬೇಕು ಎಂಬುದನ್ನು ಕಾರ್ಬುರೇಟರ್ ಎಂಬ ಒಂದು ಲೋಹದ ಸಾಧನ ನಿರ್ಧರಿಸುತ್ತಿತ್ತು. ಗಾಳಿ ಇಕ್ಕಟ್ಟಾದ ಕೊಳವೆಯಲ್ಲಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಆಗ ಪೆಟ್ರೋಲ್ ತಾನಾಗಿ ಮೇಲೆ ಬಂದು ಗಾಳಿಯಲ್ಲಿ ಬೆರೆಯುತ್ತದೆ. ವಿಜ್ಞಾನದ ಪಾಠದಲ್ಲಿ ನಾವು ಕಲಿಸುವ ತತ್ವವೇ ಇದು. ಕಿಡಿ ಯಾವಾಗ ಹಾರಬೇಕು ಎಂಬುದನ್ನು ತಿರುಗುವ ಡಿಸ್ಟ್ರಿಬ್ಯೂಟರ್ ನೋಡಿಕೊಳ್ಳುತ್ತಿತ್ತು. ಹೊಂದಾಣಿಕೆ ತಪ್ಪಿದರೆ ಮಿಸ್ತ್ರಿ ಸ್ಕ್ರೂಡ್ರೈವರ್ ಹಿಡಿದು, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಅರ್ಧ ಸುತ್ತು ಆಕಡೆ ಈಕಡೆ ತಿರುವಿ ಸರಿ ಮಾಡುತ್ತಿದ್ದರು.

ಡೀಸೆಲ್ ಗಾಡಿಗಳಲ್ಲಿ ಆ ಕೆಲಸ ಪಂಪಿನದು. ಜರ್ಮನಿಯ ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಈ ಪಂಪುಗಳನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ತಯಾರಿಸಿತು. ಮೈಕೋ ಎಂದರೆ ನಮ್ಮ ರೈತರಿಗೆ, ಟ್ರ್ಯಾಕ್ಟರಿನವರಿಗೆ ಪರಿಚಯ ಹೇಳಬೇಕಾಗಿಲ್ಲ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು.

ಈ ಕಾಲದ ಗಾಡಿಗೆ ಅಪ್‌ಡೇಟ್ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಪ್‌ಡೇಟ್ ಮಾಡಲು ಒಳಗೆ ಏನೂ ಇಲ್ಲ.

ಹೊಗೆಯಿಂದ ಹುಟ್ಟಿದ ಕಂಪ್ಯೂಟರ್

ಇಷ್ಟು ಸರಳವಾಗಿದ್ದ ಇಂಜಿನ್ನಿಗೆ ಕಂಪ್ಯೂಟರ್ ಯಾಕೆ ಬಂತು? ವೇಗ ಹೆಚ್ಚಿಸುವುದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾದ ಮುಖ್ಯ ಕಾರಣ ಹೊಗೆ.

1943ರ ಜುಲೈನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ದಟ್ಟ ಮಬ್ಬು ಕವಿಯಿತು. ಎರಡನೇ ಮಹಾಯುದ್ಧ ನಡೆದಿದ್ದ ಕಾಲ. ಜಪಾನಿನವರು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರು. ಅಲ್ಲಿನ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಏರಿ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞರಿದ್ದರು. ಅವರು ಅನಾನಸ್ ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ಮಾಡಿದ್ದವರು. ಹಣ್ಣಿನ ಪರಿಮಳ ಹಿಡಿಯುವ ವಿಧಾನದಿಂದಲೇ ನಗರದ ಗಾಳಿಯನ್ನು ಹಿಡಿದು ಪರೀಕ್ಷಿಸಿದರು. ವಾಹನ ಮತ್ತು ಕಾರ್ಖಾನೆಗಳ ಹೊಗೆಯಲ್ಲಿರುವ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಈ ಮಬ್ಬನ್ನು ಹುಟ್ಟಿಸುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಕಾರು ಕಂಪನಿಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ.

1970ರಲ್ಲಿ ಅಮೆರಿಕ ಶುದ್ಧ ಗಾಳಿ ಕಾಯಿದೆಯನ್ನು ಬಿಗಿಗೊಳಿಸಿತು. ಹೊಸ ಕಾರುಗಳ ಮುಖ್ಯ ಮಾಲಿನ್ಯಕಾರಕಗಳನ್ನು ಕೆಲವೇ ವರ್ಷಗಳಲ್ಲಿ ಶೇಕಡಾ 90ರಷ್ಟು ತಗ್ಗಿಸಬೇಕು ಎಂಬುದು ಅದರ ಗುರಿ. 1975ರ ಮಾದರಿಗಳಿಂದ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಬಂತು. ಮೂರೂ ಬಗೆಯ ವಿಷಾನಿಲಗಳನ್ನು ಒಟ್ಟಿಗೆ ಹಿಡಿಯುವ ಕನ್ವರ್ಟರಿಗೆ ಒಂದು ಹಟವಿದೆ. ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಇದ್ದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಸ್ವಲ್ಪ ಆಚೀಚೆ ಆದರೂ ನಡೆಯದು. ಏರು, ಇಳಿಜಾರು, ಚಳಿ, ಬಿಸಿಲು ಎಲ್ಲದರಲ್ಲೂ ಕ್ಷಣಕ್ಷಣಕ್ಕೆ ಈ ಅಳತೆ ಕಾಪಾಡುವುದು ಸ್ಕ್ರೂಡ್ರೈವರಿನಿಂದ ಆಗುವ ಮಾತಲ್ಲ. ಹೀಗೆ ಕಂಪ್ಯೂಟರ್ ಅನಿವಾರ್ಯವಾಯಿತು.

ಪ್ರಯತ್ನಗಳು ಮೊದಲೇ ನಡೆದಿದ್ದವು. ಅಮೆರಿಕದ ಬೆಂಡಿಕ್ಸ್ ಕಂಪನಿ ಮಾಡಿದ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆ 1958ರ ಕ್ರೈಸ್ಲರ್ ಕಾರುಗಳಲ್ಲಿ ಬಂದು ವಿಫಲವಾಯಿತು. ಕೊಂಡವರು ಅದನ್ನು ತೆಗೆಸಿ ಕಾರ್ಬುರೇಟರ್ ಹಾಕಿಸಿಕೊಂಡರು. 1967ರಲ್ಲಿ ಬಾಷ್ ಕಂಪನಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಅದನ್ನು ಸುಧಾರಿಸಿ ಗೆದ್ದಿತು. ಅದರಲ್ಲಿ ಟ್ರಾನ್ಸಿಸ್ಟರ್‌ಗಳಿದ್ದವು, ಸಾಫ್ಟ್‌ವೇರ್ ಇರಲಿಲ್ಲ. 1976ರಲ್ಲಿ ವೋಲ್ವೋ ಕಾರಿನಲ್ಲಿ ಆಮ್ಲಜನಕ ಸೆನ್ಸರ್ ಬಂತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು, ಮಿಶ್ರಣ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿಳಿಸುವ ಸಾಧನ ಅದು. 1977ರ ಓಲ್ಡ್ಸ್‌ಮೊಬೈಲ್ ಟೊರೊನಾಡೊದಲ್ಲಿ ಕಿಡಿಯ ಸಮಯ ನೋಡಿಕೊಳ್ಳಲು ಮೈಕ್ರೋಪ್ರೊಸೆಸರ್ ಬಂತು. 1979ರಲ್ಲಿ ಬಿಎಂಡಬ್ಲ್ಯೂ 732ಐ ಕಾರಿನಲ್ಲಿ ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಒಂದೇ ಕಂಪ್ಯೂಟರ್ ಆಳತೊಡಗಿತು. 1981ರ ಹೊತ್ತಿಗೆ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ ಮಾರುವ ತನ್ನ ಬಹುತೇಕ ಪೆಟ್ರೋಲ್ ಕಾರುಗಳಿಗೆ ಕಂಪ್ಯೂಟರ್ ಹಾಕಿತು.

ಹೀಗಾಗಿ ಗಾಡಿಯ ಸಾಫ್ಟ್‌ವೇರಿಗೂ ಮೊಬೈಲಿನ ಸಾಫ್ಟ್‌ವೇರಿಗೂ ಹುಟ್ಟಿನಲ್ಲೇ ವ್ಯತ್ಯಾಸವಿದೆ. ಮೊಬೈಲಿನಲ್ಲಿ ದಿನವೂ ಹೊಸ ಕೆಲಸ ಸೇರುತ್ತದೆ, ಹೊರಗಿನ ಜಾಲವೂ ಬದಲಾಗುತ್ತಿರುತ್ತದೆ. ಇಂಜಿನ್ನಿನ ಸಾಫ್ಟ್‌ವೇರ್ ಒಂದು ನಿರ್ದಿಷ್ಟ ಇಂಜಿನ್ನಿಗಾಗಿ ಬರೆದ ಅಳತೆ ಪಟ್ಟಿ ಇದ್ದ ಹಾಗೆ. ಆ ಇಂಜಿನ್ ಹೊಸದಾಗುವುದಿಲ್ಲ, ಹಾಗಾಗಿ ಪಟ್ಟಿಯೂ ಸುಮ್ಮನೆ ಹಳೆಯದಾಗುವುದಿಲ್ಲ. ಸವೆಯುವುದು ಸೆನ್ಸರ್, ವೈರು, ಪಂಪು, ಪ್ಲಗ್ಗು.

ಚಿಪ್ ಕಿತ್ತು ಹಾಕುವ ಕಾಲ

ಮೊದಲ ಕಂಪ್ಯೂಟರುಗಳಲ್ಲಿ ಈ ಪಟ್ಟಿಯನ್ನು ಒಂದು ಚಿಪ್ಪಿನಲ್ಲಿ ಬರೆದಿಟ್ಟಿರುತ್ತಿದ್ದರು. ಒಮ್ಮೆ ಬರೆದರೆ ಮುಗಿಯಿತು, ಶಿಲಾಶಾಸನದ ಹಾಗೆ. ತಪ್ಪು ಕಂಡರೆ ಕಂಪನಿ ಹೊಸ ಚಿಪ್ ಕಳಿಸುತ್ತಿತ್ತು, ಮೆಕ್ಯಾನಿಕ್ ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸುತ್ತಿದ್ದರು. 1971ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ಅಳಿಸಿ ಬರೆಯಬಹುದಾದ ಚಿಪ್ ಕಂಡುಹಿಡಿದಿದ್ದರು. ಅದರ ಬೆನ್ನ ಮೇಲೆ ಒಂದು ಚಿಕ್ಕ ಗಾಜಿನ ಕಿಟಕಿ ಇರುತ್ತಿತ್ತು. ಅದರ ಮೂಲಕ ಅತಿನೇರಳೆ ಕಿರಣ ಬಿಟ್ಟರೆ ಬರೆದದ್ದು ಅಳಿಸಿಹೋಗುತ್ತಿತ್ತು. ಆದರೆ ಅದಕ್ಕೂ ಚಿಪ್ಪನ್ನು ಹೊರತೆಗೆಯಲೇಬೇಕು.

ಆ ಕಾಲದ ದೋಷ ಪರೀಕ್ಷೆ ಕೇಳಿದರೆ ಮಕ್ಕಳಿಗೆ ಖುಷಿಯಾದೀತು. 1980ರ ದಶಕದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಎರಡು ತುದಿಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದರೆ, ಡ್ಯಾಶ್‌ಬೋರ್ಡಿನ ದೀಪ ಮಿಣುಕಿ ಲೆಕ್ಕ ಹೇಳುತ್ತಿತ್ತು. ಒಂದು ಮಿಣುಕು, ಸ್ವಲ್ಪ ಬಿಡುವು, ಮತ್ತೆ ಎರಡು ಮಿಣುಕು ಬಂದರೆ ಅದು 12. ಇಂಜಿನ್ ನಿಂತಿರುವಾಗ 12 ಬಂದರೆ ಪರೀಕ್ಷಾ ವ್ಯವಸ್ಥೆ ಸರಿಯಿದೆ ಎಂದರ್ಥ. ಸ್ಕ್ಯಾನರ್ ಬೇಡ, ಲ್ಯಾಪ್‌ಟಾಪ್ ಬೇಡ, ಎಣಿಸಲು ಬಂದರೆ ಸಾಕು.

ಎಲ್ಲವನ್ನೂ ಬದಲಿಸಿದ್ದು ಫ್ಲ್ಯಾಶ್ ಮೆಮೊರಿ. ಜಪಾನಿನ ತೋಶಿಬಾ ಕಂಪನಿಯ ಫುಜಿಯೋ ಮಸುವೊಕ 1984ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. ಚಿಪ್ಪನ್ನು ಹೊರತೆಗೆಯದೆ, ವಿದ್ಯುತ್ತಿನಿಂದಲೇ ಅಳಿಸಿ ಮತ್ತೆ ಬರೆಯಬಹುದು. 1990ರ ದಶಕದಲ್ಲಿ ಇದು ಕಾರಿನ ಕಂಪ್ಯೂಟರಿಗೆ ಬಂತು. ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಒಂದೇ ಬಗೆಯ 16 ಪಿನ್ನಿನ ಕನೆಕ್ಟರ್ ಮತ್ತು ಒಂದೇ ಬಗೆಯ ದೋಷ ಸಂಕೇತಗಳು ಕಡ್ಡಾಯವಾದವು. ಇದನ್ನು ಓಬಿಡಿ-2 ಎನ್ನುತ್ತಾರೆ. ಪಿ0301 ಎಂದರೆ ಮೊದಲನೇ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದರ್ಥ. ಯಾವ ಕಂಪನಿಯ ಕಾರಾದರೂ ಅರ್ಥ ಇದೇ.

ಅಲ್ಲಿಂದ ಮುಂದೆ "ಅಪ್‌ಡೇಟ್" ಎಂಬ ಮಾತಿಗೆ ಅರ್ಥ ಬಂತು. ಮೊದಲು ತಪ್ಪು ತಿದ್ದಲು ಚಿಪ್ ಬದಲಿಸಬೇಕಿತ್ತು, ಖರ್ಚು ಹೆಚ್ಚಿತ್ತು. ಈಗ ವೈರು ಚುಚ್ಚಿದರೆ ಅರ್ಧ ಗಂಟೆಯ ಕೆಲಸ. ತಿದ್ದುವುದು ಸುಲಭವಾದಂತೆ, ಒಳಗೆ ಏನು ಬರೆದಿದೆ ಎಂಬುದು ಮಿಸ್ತ್ರಿಯ ಕಣ್ಣಿಗೂ ಮಾಲೀಕರ ಕಣ್ಣಿಗೂ ಕಾಣದಂತಾಯಿತು.

ನಮ್ಮ ದೇಶಕ್ಕೆ ಬಂದ ಬಗೆ

ಭಾರತದಲ್ಲೂ ಕಂಪ್ಯೂಟರನ್ನು ಕಾರಿನೊಳಗೆ ತಂದದ್ದು ಹೊಗೆಯ ಕಾನೂನೇ. ವಕೀಲ ಎಂ.ಸಿ. ಮೆಹತಾ 1985ರಲ್ಲಿ ದೆಹಲಿಯ ವಾಯುಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು, ಅಲ್ಲಿನ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಬಂತು. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಖಾಸಗಿ ಕಾರುಗಳಿಗೆ ಯೂರೋ ಮಾನದಂಡಗಳನ್ನು ಬೇಗ ಜಾರಿ ಮಾಡಲು ಆದೇಶಿಸಿತು. 2000ದಲ್ಲಿ ದೇಶಕ್ಕೆಲ್ಲ "ಇಂಡಿಯಾ 2000" ಮಾನದಂಡ ಬಂತು. ಆ ಹೊತ್ತಿಗೇ ಮಾರುತಿ 800ರಲ್ಲೂ ಕಾರ್ಬುರೇಟರ್ ಹೋಗಿ ಎಂಪಿಎಫ್ಐ, ಅಂದರೆ ಕಂಪ್ಯೂಟರ್ ಆಳುವ ಇಂಜೆಕ್ಷನ್ ಬಂತು.

ಮುಂದಿನ ಹೆಜ್ಜೆಯಲ್ಲಿ ನಮ್ಮ ಜಿಲ್ಲಾ ಕೇಂದ್ರದ ಹೆಸರೂ ಇದೆ. 2010ರಲ್ಲಿ ಭಾರತ್ ಸ್ಟೇಜ್-4 ಮಾನದಂಡ ಮೊದಲು ಬಂದ 13 ನಗರಗಳಲ್ಲಿ ದೆಹಲಿ, ಮುಂಬಯಿ, ಬೆಂಗಳೂರು, ಪುಣೆಗಳ ಜೊತೆಗೆ ಸೊಲ್ಲಾಪುರವೂ ಒಂದು. ಸ್ಟೇಜ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ-2 ಕಡ್ಡಾಯವಾಯಿತು. 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಸ್ಟೇಜ್-4 ಬಂತು. ಸ್ಟೇಜ್-5ನ್ನು ಬಿಟ್ಟು 2020ರ ಏಪ್ರಿಲ್ 1ರಿಂದ ನೇರವಾಗಿ ಸ್ಟೇಜ್-6 ಬಂತು. ಆಗ ಬೈಕುಗಳ ಕಾರ್ಬುರೇಟರ್ ಕೂಡ ಬಹುಮಟ್ಟಿಗೆ ಮರೆಯಾಯಿತು.

ಡೀಸೆಲ್ ಗಾಡಿಗಳ ಕಥೆಯೂ ಹೀಗೆಯೇ. ಹಳೆಯ ಮೈಕೋ ಪಂಪಿನ ಜಾಗಕ್ಕೆ ಕಾಮನ್ ರೈಲ್ ಬಂತು. ಅದರಲ್ಲಿ ಡೀಸೆಲ್ ಯಾವಾಗ, ಎಷ್ಟು ಚಿಮ್ಮಬೇಕು ಎಂದು ಇಂಜೆಕ್ಟರುಗಳಿಗೆ ಹೇಳುವುದು ಕಂಪ್ಯೂಟರ್. ಪಾನಾ ಹಿಡಿದು ಬೆಳೆದ ಮಿಸ್ತ್ರಿಗಳು ಸ್ಕ್ಯಾನರ್ ಕೊಳ್ಳಬೇಕಾಯಿತು.

ಅಪ್‌ಡೇಟ್ ನಿಜವಾಗಿ ಬೇಕಾದಾಗ

ಇಂಜಿನ್ನಿನ ಪಟ್ಟಿ ತಾನಾಗಿ ಹಳೆಯದಾಗದು ಎಂದೆ. ಆದರೆ ಬರೆಯುವಾಗಲೇ ಅದರಲ್ಲಿ ತಪ್ಪು ನುಸುಳಿರಬಹುದು. ಆಗ ಗಾಡಿ ಎಷ್ಟೇ ಹಳೆಯದಾಗಿರಲಿ, ತಿದ್ದಿಸಲೇಬೇಕು.

ಟೊಯೋಟಾ ಪ್ರಿಯಸ್ ಕಾರಿನ ಉದಾಹರಣೆ ನೋಡಿ. 2010ರ ಫೆಬ್ರವರಿಯಲ್ಲಿ ಬ್ರೇಕಿನ ಸಾಫ್ಟ್‌ವೇರ್ ದೋಷಕ್ಕಾಗಿ ಕಂಪನಿ ಜಗತ್ತಿನಾದ್ಯಂತ 4 ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಯಿತು. 2014ರಲ್ಲಿ ವಿದ್ಯುತ್ ಭಾಗದ ಸಾಫ್ಟ್‌ವೇರ್ ದೋಷಕ್ಕಾಗಿ 19 ಲಕ್ಷ ಪ್ರಿಯಸ್ ಕಾರುಗಳನ್ನು ಕರೆಯಿತು. ಆ ರಿಪೇರಿಯೂ ಪೂರ್ತಿ ಸಾಲಲಿಲ್ಲ. ಅಪರೂಪಕ್ಕೆ ಕಾರು ಓಡುವಾಗಲೇ ಶಕ್ತಿ ಕಳೆದುಕೊಂಡು ನಿಲ್ಲಬಹುದು ಎಂದು 2018ರ ಅಕ್ಟೋಬರ್‌ನಲ್ಲಿ 24 ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ಕಾರುಗಳನ್ನು ಮತ್ತೆ ಕರೆಯಬೇಕಾಯಿತು. ಅವುಗಳಲ್ಲಿ 2008ರಲ್ಲಿ ತಯಾರಾದ ಕಾರುಗಳೂ ಇದ್ದವು. ಹತ್ತು ವರ್ಷದ ಹಳೆಯ ಕಾರಿಗೆ ಹೊಸ ಸಾಫ್ಟ್‌ವೇರ್ ಬೇಕಾಯಿತು, ಅದೂ ಜೀವದ ಪ್ರಶ್ನೆಯಾಗಿ.

ಎರಡನೇ ಸಂದರ್ಭ ಹೊರಗಿನಿಂದ ಬರುವ ಅಪಾಯ. 2015ರ ಜುಲೈನಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯನ್ನು ದೂರದ ಮನೆಯಲ್ಲಿ ಕುಳಿತೇ ನಿಯಂತ್ರಿಸಿ ತೋರಿಸಿದರು. ಒಳಗೆ ಕುಳಿತ ಪತ್ರಕರ್ತರಿಗೆ ಮೊದಲೇ ತಿಳಿಸಿ ಮಾಡಿದ ಪರೀಕ್ಷೆ ಅದು. ರೇಡಿಯೋ ವ್ಯವಸ್ಥೆಯ ಮೊಬೈಲ್ ಸಂಪರ್ಕವೇ ಅವರಿಗೆ ಬಾಗಿಲಾಯಿತು. ಕಂಪನಿ 14 ಲಕ್ಷ ಗಾಡಿಗಳನ್ನು ವಾಪಸ್ ಕರೆದು, ಮಾಲೀಕರಿಗೆ ಅಂಚೆಯಲ್ಲಿ ಪೆನ್ ಡ್ರೈವ್ ಕಳಿಸಿತು. ಆದರೆ ಅಂತರ್ಜಾಲಕ್ಕೆ ಸೇರದ ಹಳೆಯ ಗಾಡಿಗೆ ಇಂಥ ದೂರದ ಅಪಾಯವಿಲ್ಲ. ಈ ವಿಷಯದಲ್ಲಿ ಹಳೆಯದೇ ಕ್ಷೇಮ.

ಮೂರನೇ ಸಂದರ್ಭ ಹೊರಗಿನ ಲೋಕ ಬದಲಾದಾಗ. ಜಿಪಿಎಸ್ ಉಪಗ್ರಹಗಳು ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರುಮಾಡುತ್ತವೆ. ಅದು ಸುಮಾರು 19 ವರ್ಷ 7 ತಿಂಗಳ ಲೆಕ್ಕ. ಈ ಎಣಿಕೆಯ ಗೊಂದಲದಿಂದ 2022ರ ಜನವರಿ 1ರಂದು ಹಲವು ಹಳೆಯ ಹೋಂಡಾ ಕಾರುಗಳ ಗಡಿಯಾರ 2002ಕ್ಕೆ ಹಿಂದೆ ಹೋಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ತಾನಾಗಿ ಸರಿಹೋಯಿತು. ಅಷ್ಟು ದಿನವೂ ಕಾರುಗಳು ಮಾಮೂಲಿನಂತೆ ಓಡಿದವು. ಗಡಿಯಾರ ತಪ್ಪಿದರೆ ಇಂಜಿನ್ ತಪ್ಪುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಹಾಗೆಯೇ 2022ರಲ್ಲಿ ಅಮೆರಿಕದಲ್ಲಿ 3ಜಿ ಜಾಲ ನಿಂತಾಗ ಎಷ್ಟೋ ಹಳೆಯ ಕಾರುಗಳ ತುರ್ತು ಕರೆ ಸೌಲಭ್ಯ ನಿಂತುಹೋಯಿತು. ಅಲ್ಲಿ ಬಹಳ ಕಡೆ ಸಾಫ್ಟ್‌ವೇರ್ ಸಾಲಲಿಲ್ಲ, ಬಿಡಿಭಾಗವೇ ಬದಲಾಗಬೇಕಿತ್ತು.

ಅಪ್‌ಡೇಟನ್ನೂ ಪ್ರಶ್ನಿಸಬೇಕಾದಾಗ

ಕಂಪನಿ ಕೊಟ್ಟ ಅಪ್‌ಡೇಟ್ ಎಂದರೆ ಯಾವಾಗಲೂ ಒಳ್ಳೆಯದೇ? ಫೋಕ್ಸ್‌ವ್ಯಾಗನ್ ಪ್ರಕರಣ ಇದಕ್ಕೆ ದೊಡ್ಡ ಪಾಠ.

ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಚಿಕ್ಕ ತಂಡ 2013ರಲ್ಲಿ ಡೀಸೆಲ್ ಕಾರುಗಳಿಗೆ ಅಳತೆಯ ಯಂತ್ರ ಕಟ್ಟಿಕೊಂಡು ರಸ್ತೆಯಲ್ಲೇ ಓಡಿಸಿ ಪರೀಕ್ಷಿಸಿತು. ಆ ತಂಡದಲ್ಲಿ ಬೆಂಗಳೂರಿನಲ್ಲಿ ಬೆಳೆದ ಸಂಶೋಧಕ ಹೇಮಂತ್ ಕಪ್ಪಣ್ಣ ಇದ್ದರು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಪ್ರಯೋಗಶಾಲೆಯಲ್ಲಿ ಪಾಸಾಗುವ ಜೆಟ್ಟಾ ಕಾರು ರಸ್ತೆಯಲ್ಲಿ ಮಿತಿಗಿಂತ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ, ಆಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರನ್ನು ಕಂಪನಿ ಹಾಕಿತ್ತು. ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಸುಮ್ಮನೆ ಕೂಡುವ ತರಗತಿಯ ಹಾಗೆ! 2015ರ ಸೆಪ್ಟೆಂಬರ್ 18ರಂದು ಅಮೆರಿಕ ಸರ್ಕಾರ ನೋಟೀಸು ಕೊಟ್ಟಿತು. ಜಗತ್ತಿನಲ್ಲಿ ಇಂಥ ಸುಮಾರು 1 ಕೋಟಿ 10 ಲಕ್ಷ ಕಾರುಗಳಿವೆ ಎಂದು ಕಂಪನಿಯೇ ಒಪ್ಪಿತು. ಭಾರತದಲ್ಲಿ 2015ರ ಡಿಸೆಂಬರ್‌ನಲ್ಲಿ 3,23,700 ಕಾರುಗಳನ್ನು ವಾಪಸ್ ಕರೆಯುವುದಾಗಿ ಅದು ಪ್ರಕಟಿಸಿತು.

ಯುರೋಪಿನಲ್ಲಿ ಬಹಳ ಕಾರುಗಳಿಗೆ ಕೊಟ್ಟ ಪರಿಹಾರ ಒಂದು ಸಾಫ್ಟ್‌ವೇರ್ ಅಪ್‌ಡೇಟ್. ಆದರೆ ಆ ಅಪ್‌ಡೇಟ್ ಹಾಕಿದ ಮೇಲೂ ಹೊಗೆ ಶುದ್ಧಿಯ ವ್ಯವಸ್ಥೆ ಪೂರ್ತಿಯಾಗಿ ಕೆಲಸ ಮಾಡಿದ್ದು ಹೊರಗೆ 15ರಿಂದ 33 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರುವಾಗ ಮಾತ್ರ. ವರ್ಷದ ಹೆಚ್ಚು ಕಾಲ 15 ಡಿಗ್ರಿಗಿಂತ ಕಡಿಮೆ ಇರುವ ದೇಶಗಳಿಗೆ ಇದರಿಂದ ಏನು ಪ್ರಯೋಜನ? ಇದೂ ಕಾನೂನು ನಿಷೇಧಿಸಿದ ಬಗೆಯ ಸಾಧನವೇ ಎಂದು 2022ರ ಜುಲೈನಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ರೋಗಕ್ಕೆ ಕೊಟ್ಟ ಔಷಧಿಯೇ ರೋಗವಾಯಿತು.

ಹೀಗಾಗಿ ಅಪ್‌ಡೇಟ್ ಎಂದ ಕೂಡಲೇ ತಲೆಯಾಡಿಸಬಾರದು. ಯಾವ ದೋಷಕ್ಕೆ ಎಂದು ಕೇಳಬೇಕು.

ನಮ್ಮ ಗ್ಯಾರೇಜು, ನಮ್ಮ ಪಾಲಕರು

ನಮ್ಮ ಭಾಗದ ಪಾಲಕರೊಬ್ಬರ ವ್ಯಾನು ಆಗಾಗ ನಿಲ್ಲುತ್ತಿತ್ತು. ದೀಪವೂ ಉರಿಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಅಪ್‌ಡೇಟ್ ಎಂದು ಹೇಳಿ ದುಡ್ಡು ತೆಗೆದುಕೊಂಡರು. ನಾಲ್ಕು ದಿನ ಸರಿಯಿತ್ತು, ಮತ್ತೆ ಅದೇ ಕಥೆ. ಕೊನೆಗೆ ಬೇರೊಬ್ಬ ಹಿರಿಯ ಮಿಸ್ತ್ರಿ ಬಾನೆಟ್ ಎತ್ತಿ ತುಕ್ಕು ಹಿಡಿದ ಅರ್ಥಿಂಗ್ ವೈರು ತೋರಿಸಿದರು. ಉಜ್ಜಿ ಬಿಗಿ ಮಾಡಿದ ಮೇಲೆ ವ್ಯಾನು ನಿಂತಿಲ್ಲ. ಮೊದಲ ಗ್ಯಾರೇಜಿನವರು ಮಾಡಿದ್ದು ಬಹುಶಃ ದೋಷ ಸಂಕೇತ ಅಳಿಸಿದ್ದು ಅಷ್ಟೇ.

ನಾಲ್ಕು ಬೇರೆ ಬೇರೆ ಕೆಲಸಗಳಿಗೆ ನಮ್ಮಲ್ಲಿ ಒಂದೇ ಹೆಸರು ಓಡುತ್ತಿದೆ. ಇವನ್ನು ಬಿಡಿಸಿ ತಿಳಿಯಬೇಕು.

ಒಂದು, ಸಂಕೇತ ಅಳಿಸುವುದು. ಸ್ಕ್ಯಾನರ್ ಚುಚ್ಚಿ ದೀಪ ಆರಿಸುತ್ತಾರೆ. ಕಾರಣ ಉಳಿದರೆ ದೀಪ ಮತ್ತೆ ಹತ್ತುತ್ತದೆ.

ಎರಡು, ಕೋಡಿಂಗ್. ಡೀಸೆಲ್ ಇಂಜೆಕ್ಟರ್ ಬದಲಿಸಿದರೆ ಹಲವು ಗಾಡಿಗಳಲ್ಲಿ ಅದರ ಮೇಲಿನ ಸಂಕೇತವನ್ನು ಕಂಪ್ಯೂಟರಿಗೆ ತಿಳಿಸಬೇಕು. ಇದು ಅಗತ್ಯವಾದ ಕೆಲಸ, ಆದರೆ ಸಾಫ್ಟ್‌ವೇರ್ ಬದಲಾಗುವುದಿಲ್ಲ.

ಮೂರು, ನಿಜವಾದ ಅಪ್‌ಡೇಟ್. ತಯಾರಕರು ತಿದ್ದಿ ಕೊಟ್ಟ ಹೊಸ ಆವೃತ್ತಿಯನ್ನು ಬರೆಯುವುದು. ಕಂಪ್ಯೂಟರನ್ನೇ ಬದಲಿಸಿದಾಗಲೂ ಇದು ಬೇಕಾಗಬಹುದು. ಬರೆಯುವಾಗ ನಡುವೆ ಬ್ಯಾಟರಿ ಇಳಿದರೆ ಕಂಪ್ಯೂಟರ್ ಕೆಟ್ಟು ಕೂಡಬಹುದು, ಆದ್ದರಿಂದ ಬ್ಯಾಟರಿಗೆ ಸ್ಥಿರ ವಿದ್ಯುತ್ ಕೊಟ್ಟುಕೊಂಡೇ ಮಾಡಬೇಕು.

ನಾಲ್ಕು, ರೀಮ್ಯಾಪ್. ಪಿಕಪ್ ಹೆಚ್ಚಿಸುತ್ತೇವೆ ಎಂದು ಹೊರಗಿನವರು ಕಂಪನಿಯ ಪಟ್ಟಿಯನ್ನೇ ತಿದ್ದುವುದು. ಹಳೆಯ ಇಂಜಿನ್ನಿಗೆ ಇದು ಹೆಚ್ಚಿನ ಹೊರೆ. ಮಕ್ಕಳು ಕೂಡುವ ಗಾಡಿಗೆ ಖಂಡಿತ ಬೇಡ.

ತಪ್ಪೆಲ್ಲ ಸಣ್ಣ ಗ್ಯಾರೇಜಿನವರದೇ ಎನ್ನುವುದೂ ಅನ್ಯಾಯ. ಅವರ ಕೈಗೆ ಸಾಧನಗಳೇ ಸಿಗದ ಕಾಲವಿತ್ತು. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪರೀಕ್ಷೆಯ ಸಾಧನಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆಯೋಗದ ತೀರ್ಮಾನ. ಕಂಪನಿಗಳು ಮೇಲ್ಮನವಿಗೆ ಹೋದವು. ಆದರೆ ಪ್ರಶ್ನೆ ಎದ್ದು ನಿಂತಿತು: ದುಡ್ಡು ಕೊಟ್ಟು ಕೊಂಡ ಗಾಡಿಯ ಒಳಗನ್ನು ಓದುವ ಹಕ್ಕು ಯಾರದು? ಊರಿನ ಮಿಸ್ತ್ರಿಗೆ ಓದಲು ಬಿಟ್ಟರೆ ಮಾತ್ರ ಬಡವರ ಹಳೆಯ ಗಾಡಿ ಕಡಿಮೆ ಖರ್ಚಿನಲ್ಲಿ ಉಳಿಯುತ್ತದೆ.

2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ದೋಷವಿರುವ ವಾಹನಗಳನ್ನು ವಾಪಸ್ ಕರೆಯುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ ಸರ್ಕಾರಕ್ಕೆ ಬಂದಿದೆ. ನಾಲ್ಕನೆಯ ಕೈಯಿಂದ ಕೊಂಡ ಗಾಡಿಯ ಮಾಲೀಕರಿಗೆ ಕಂಪನಿಯ ಪತ್ರ ಬಾರದೆ ಇರಬಹುದು. ಆದ್ದರಿಂದ ಚಾಸಿಸ್ ಸಂಖ್ಯೆ ಕೊಟ್ಟು, ಈ ಗಾಡಿಗೆ ಬಾಕಿ ಉಳಿದ ರಿಕಾಲ್ ಇದೆಯೇ ಎಂದು ಆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನಾವೇ ವಿಚಾರಿಸಬೇಕು. ಸಾಮಾನ್ಯವಾಗಿ ರಿಕಾಲ್ ಕೆಲಸಕ್ಕೆ ಹಣ ಕೊಡಬೇಕಾಗಿಲ್ಲ.

ಈಗ ಪಾಲಕರ ಪ್ರಶ್ನೆಗೆ ಉತ್ತರ ಹೇಳಬಹುದು. ಕಾರ್ಬುರೇಟರ್ ಗಾಡಿಗೆ ಅಪ್‌ಡೇಟ್ ಎಂಬುದೇ ಇಲ್ಲ. ಕಂಪ್ಯೂಟರ್ ಇರುವ ಹಳೆಯ ಗಾಡಿಗೆ, ತಯಾರಕರೇ ಸುರಕ್ಷತೆ ಅಥವಾ ಹೊಗೆಯ ದೋಷ ಒಪ್ಪಿ ಕರೆದರೆ ತಪ್ಪದೆ ಮಾಡಿಸಬೇಕು. ಕಂಪ್ಯೂಟರ್ ಬದಲಿಸಿದಾಗ ಬೇಕಾಗಬಹುದು. ಅಂತರ್ಜಾಲಕ್ಕೆ ಸೇರಿದ ಗಾಡಿಗೆ ಆಗಾಗ ಬೇಕು. ಇದಾವುದೂ ಇಲ್ಲದೆ ಚೆನ್ನಾಗಿ ಓಡುವ ಗಾಡಿಗೆ, ಬರೀ ಹಳೆಯದಾಯಿತು ಎಂಬ ಕಾರಣಕ್ಕೆ ಬೇಡ. ಆ ದುಡ್ಡಿನಲ್ಲಿ ಟೈರು, ಬ್ರೇಕು, ವೈರಿಂಗ್ ನೋಡಿಸಿರಿ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಏಳು, ಎಂಟನೇ ತರಗತಿಯ ಮಕ್ಕಳಿಗೆ ಒಂದು ಚಟುವಟಿಕೆ ಕೊಡಿರಿ. ಓಣಿಯಲ್ಲಿರುವ ಗಾಡಿಗಳ ವರ್ಷವನ್ನು ಮಾಲೀಕರನ್ನು ಕೇಳಿ ಬರೆದುಕೊಂಡು ಬರಲಿ. 2000ಕ್ಕೆ ಮುಂಚಿನವು, 2013ಕ್ಕೆ ಮುಂಚಿನವು, 2020ಕ್ಕೆ ಮುಂಚಿನವು, ಆಮೇಲಿನವು ಎಂದು ನಾಲ್ಕು ಸಾಲು ಮಾಡಲಿ. ಯಾವ ಸಾಲಿನ ಗಾಡಿಯಲ್ಲಿ ಕಂಪ್ಯೂಟರ್ ಇದೆ, ಅದು ಯಾವ ಕಾನೂನಿನಿಂದ ಬಂತು ಎಂದು ಊರಿನ ಮಿಸ್ತ್ರಿಯನ್ನೇ ಶಾಲೆಗೆ ಕರೆದು ಮಕ್ಕಳಿಂದ ಕೇಳಿಸಿರಿ. ಅವರು ಪಾಠ ಮಾಡಿದವರಲ್ಲದಿರಬಹುದು, ಆದರೆ ಈ ಇತಿಹಾಸವನ್ನು ಕೈಯಾರೆ ಬಿಚ್ಚಿ ನೋಡಿದವರು.